ಬೂದಿಯೂ ಇಟ್ಟಿಗೆಯಾಗುತ್ತದೆ, ಪರೀಕ್ಷೆಯಲ್ಲಿ ಪಾಸಾದರೆ!

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು. 100 ಕೆ.ಜಿ. ಉರಿಸಿದರೆ 30ರಿಂದ 45 ಕೆ.ಜಿ.ವರೆಗೂ ಬೂದಿಯೇ ಉಳಿಯುತ್ತದೆ. ರಾತ್ರಿ ಮೊಬೈಲ್ ಚಾರ್ಜಿಗೆ ಹಾಕಿ ಮಲಗುವ ನಾವು ಆ ಕರೆಂಟಿನ ಹಿಂದೆ ಉಳಿದ ಬೂದಿ ಎಲ್ಲಿಗೆ ಹೋಯಿತು ಎಂದು ಯೋಚಿಸುವುದಿಲ್ಲ. ನಾನು ರಾಯಚೂರು ಜಿಲ್ಲೆಯವನು. ಅದು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇಸಿಗೆಯ ಗಾಳಿ ಬೀಸಿದ ದಿನ ಅವ್ವ ಅಂಗಳವನ್ನು ಎರಡೆರಡು ಸಲ ಗುಡಿಸುತ್ತಿದ್ದಳು.

ಕೃಷ್ಣಾ ನದಿ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಅಲ್ಲಿ ಎಂಟು ಘಟಕಗಳಿವೆ, ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಪಕ್ಕದ ಯರಮರಸ್‌ನಲ್ಲಿ 1,600 ಮೆಗಾವಾಟ್, ಬಳ್ಳಾರಿ ಹತ್ತಿರದ ಕುಡತಿನಿಯಲ್ಲಿ 1,700 ಮೆಗಾವಾಟ್. ಇಡೀ ರಾಜ್ಯಕ್ಕೆ ಹೋಗುವ ಈ ಕರೆಂಟಿನ ಬೂದಿ ಮಾತ್ರ ನಮ್ಮ ಭಾಗದಲ್ಲೇ ಉಳಿಯುತ್ತದೆ.

ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಮೇಲೆ ಒಂದೂವರೆ ವರ್ಷ ಬೆಂಗಳೂರಿನಲ್ಲಿ ಪೇಯಿಂಗ್ ಗೆಸ್ಟ್ ರೂಮಿನ ಬಾಡಿಗೆ ಕಟ್ಟುತ್ತ ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಬರೆದೆ. ಆಮೇಲೆ ಊರಿಗೆ ಮರಳಿ, ಹಾರುಬೂದಿಯಿಂದ ಇಟ್ಟಿಗೆ ಮಾಡುವ ಸಣ್ಣ ಘಟಕವೊಂದರಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಸ್ನೇಹಿತರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನನಗೆ ‘ಬೂದಿ ಎಂಜಿನಿಯರ್’ ಎಂಬ ಬಿರುದು ಸಿಕ್ಕಿತು. ಇರಲಿ. ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಮಾತು ಒಂದೇ: ಕಾರ್ಖಾನೆಯ ತ್ಯಾಜ್ಯ ಇಟ್ಟಿಗೆಯ ಅಚ್ಚಿಗೆ ಬಿದ್ದ ಮಾತ್ರಕ್ಕೆ ಕಟ್ಟಡ ಸಾಮಗ್ರಿ ಆಗುವುದಿಲ್ಲ. ಪರೀಕ್ಷೆ ಪಾಸಾದ ಮೇಲೆ ಆಗುತ್ತದೆ. ನಮ್ಮಂತೆಯೇ!

ಸುರ್ಕಿಯ ತಮ್ಮ

‘ಬೂದಿ ಇಟ್ಟಂಗಿ ಮಳಿಗೆ ಕರಗಂಗಿಲ್ಲೇನು ತಮ್ಮಾ?’ ನಮ್ಮ ಘಟಕಕ್ಕೆ ಬರುವ ಹಿರಿಯರು ಮೊದಲು ಕೇಳುವುದೇ ಇದನ್ನು. ಒಲೆಯ ಬೂದಿ ನೀರಿಗೆ ಹಾಕಿದರೆ ಏನಾಗುತ್ತದೆ ಎಂದು ಅವರು ಜೀವನಪೂರ್ತಿ ನೋಡಿದ್ದಾರೆ, ಹಾಗಾಗಿ ಪ್ರಶ್ನೆ ಸರಿಯಾದದ್ದೇ. ನಾನು ಅವರಿಗೆ ಕೊಡುವ ಉತ್ತರ ಕನ್ನಂಬಾಡಿ ಕಟ್ಟೆಯದು. ಕೆಆರ್‌ಎಸ್ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ. ಸುಟ್ಟ ಜೇಡಿಮಣ್ಣಿನ ಪುಡಿಗೆ ಸುಣ್ಣ ಬೆರೆಸಿ ಅರೆದರೆ ಅದು ನೀರಿನಲ್ಲೂ ಗಟ್ಟಿಯಾಗುತ್ತದೆ. ಸಾವಿರಾರು ವರ್ಷಗಳ ಹಿಂದೆ ರೋಮನ್ನರು ಜ್ವಾಲಾಮುಖಿಯ ಬೂದಿಗೆ ಸುಣ್ಣ ಬೆರೆಸಿ ಇದನ್ನೇ ಮಾಡಿದರು.

ಹಾರುಬೂದಿಯೂ ಇದೇ ವಂಶದ್ದು. ಕಲ್ಲಿದ್ದಲಿನ ಜೊತೆ ಬಂದ ಮಣ್ಣಿನ ಅಂಶ ಬಾಯ್ಲರಿನ ಬೆಂಕಿಯಲ್ಲಿ ಕರಗಿ, ಹೊಗೆಯ ಜೊತೆ ಮೇಲೇರುವಾಗ ಥಟ್ಟನೆ ತಣ್ಣಗಾಗಿ ಗಾಜಿನಂಥ ಸಣ್ಣ ಸಣ್ಣ ಗುಂಡುಗಳಾಗುತ್ತದೆ. ಇವನ್ನು ಚಿಮಣಿ ಸೇರುವ ಮೊದಲೇ ವಿದ್ಯುತ್ ಫಲಕಗಳ ಯಂತ್ರ ಹಿಡಿದಿಡುತ್ತದೆ. ಈ ಗುಂಡುಗಳಲ್ಲಿ ಹೆಚ್ಚಿನದು ಸಿಲಿಕಾ ಮತ್ತು ಅಲ್ಯುಮಿನಾ. ಸುಣ್ಣ ಮತ್ತು ನೀರು ಸಿಕ್ಕರೆ ಅವು ನಿಧಾನವಾಗಿ ಪ್ರತಿಕ್ರಿಯಿಸಿ, ಸಿಮೆಂಟಿನಲ್ಲಿ ಇರುವಂಥದೇ ಅಂಟನ್ನು ಹುಟ್ಟಿಸುತ್ತವೆ. ಅಂಗಡಿಯಲ್ಲಿ ಸಿಗುವ ಪಿಪಿಸಿ ಸಿಮೆಂಟಿನಲ್ಲೂ ಶೇ 15ರಿಂದ 35ರಷ್ಟು ಹಾರುಬೂದಿ ಇರಬಹುದು ಎಂದು ಭಾರತೀಯ ಮಾನಕವೇ ಹೇಳುತ್ತದೆ. ‘ನಮಗೆ ಬೂದಿ ಬೇಡ’ ಎನ್ನುವವರ ಮನೆಯ ಗಿಲಾವ್‌ನಲ್ಲೂ ಬೂದಿ ಇರುವ ಸಾಧ್ಯತೆಯೇ ಹೆಚ್ಚು.

ನಮ್ಮ ಘಟಕದ ಇಟ್ಟಿಗೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬೂದಿ, ಉಳಿದದ್ದು ಕ್ರಷರ್‌ನ ಕಲ್ಲುಪುಡಿ ಮತ್ತು ಸ್ವಲ್ಪ ಸಿಮೆಂಟ್. ಕೆಲವು ಕಡೆ ಸಿಮೆಂಟಿನ ಬದಲು ಸುಣ್ಣ ಮತ್ತು ಜಿಪ್ಸಂ ಹಾಕುತ್ತಾರೆ. 3 ಕೆ.ಜಿ. ಇಟ್ಟಿಗೆಯಲ್ಲಿ ಸುಮಾರು 1.65 ಕೆ.ಜಿ. ಬೂದಿ ಎಂದುಕೊಂಡರೆ, 20 ಟನ್‌ನ ಒಂದು ಲೋಡು ಬೂದಿ 12 ಸಾವಿರ ಇಟ್ಟಿಗೆಗಳ ಒಳಗೆ ಸೇರಿಹೋಗುತ್ತದೆ. ಗದ್ದೆಯ ಮೇಲ್ಮಣ್ಣು ತೆಗೆಯಬೇಕಿಲ್ಲ, ಭಟ್ಟಿಯಲ್ಲಿ ಸುಡಬೇಕಿಲ್ಲ.

ಬೂದಿ ಬಿಟ್ಟರೂ ಅಪಾಯ, ಬಳಸಿದರೂ ಎಚ್ಚರ

ಹಾಗಾದರೆ ಬೂದಿಯನ್ನು ಹೊಂಡದಲ್ಲೇ ಬಿಟ್ಟರೆ ಏನು ನಷ್ಟ? ಕಲ್ಲಿದ್ದಲಿನಲ್ಲಿ ಆರ್ಸೆನಿಕ್, ಸೀಸ, ಕ್ರೋಮಿಯಂನಂಥ ವಸ್ತುಗಳು ಚೂರುಪಾರು ಇರುತ್ತವೆ. ಇಂಗಾಲ ಉರಿದುಹೋದ ಮೇಲೆ ಅವುಗಳಲ್ಲಿ ಬಹುಪಾಲು ಬೂದಿಯಲ್ಲಿ ಸಾಂದ್ರವಾಗಿ ಉಳಿಯುತ್ತವೆ. ಹೊಂಡದಲ್ಲಿ ವರ್ಷಗಟ್ಟಲೆ ನೆನೆದರೆ ಅಂತರ್ಜಲಕ್ಕೆ ಇಳಿಯಬಹುದು, ಒಣಗಿದರೆ ಗಾಳಿಗೆ ಹಾರುತ್ತದೆ, ಒಡ್ಡು ಒಡೆದರೆ ಊರಿಗೇ ನುಗ್ಗುತ್ತದೆ. 2020ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಸಿಂಗ್ರೌಲಿಯಲ್ಲಿ ಬೂದಿ ಹೊಂಡದ ಒಡ್ಡು ಒಡೆದು ಆರು ಜನ ಸತ್ತರು. 2008ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಕಿಂಗ್‌ಸ್ಟನ್‌ನಲ್ಲಿ ಇಂಥದೇ ಒಡ್ಡು ಕುಸಿದು 40 ಲಕ್ಷ ಘನ ಮೀಟರ್‌ನಷ್ಟು ಬೂದಿ ಕೆಸರು ಹರಿಯಿತು.

ಇಟ್ಟಿಗೆಯೊಳಗೆ ಸೇರಿದ ಬೂದಿಯ ಕಥೆ ಬೇರೆ. ಸರಿಯಾಗಿ ಗಟ್ಟಿಯಾದ ಇಟ್ಟಿಗೆಯಲ್ಲಿ ಲೋಹಗಳು ಆ ಅಂಟಿನೊಳಗೆ ಸಿಕ್ಕಿಕೊಳ್ಳುತ್ತವೆ, ನೀರು ಸುಲಭವಾಗಿ ಒಳಗೆ ಹೋಗಿ ಅವನ್ನು ಹೊರತರಲಾರದು. ಇದನ್ನು ನಂಬಿಕೆಗೆ ಬಿಡಬೇಕಿಲ್ಲ. ಇಟ್ಟಿಗೆಯ ಚೂರನ್ನು ಹುಳಿ ಅಂಶದ ದ್ರಾವಣದಲ್ಲಿ ಸುಮಾರು 18 ಗಂಟೆ ತಿರುಗಿಸಿ, ಆ ನೀರಿಗೆ ಎಷ್ಟು ಲೋಹ ಬಂತು ಎಂದು ಅಳೆಯುವ ಪರೀಕ್ಷೆ ಇದೆ. ಇಲ್ಲಿ ‘ಸರಿಯಾಗಿ ಗಟ್ಟಿಯಾದ’ ಎಂಬ ಮಾತೇ ಮುಖ್ಯ. ಪುಡಿಪುಡಿಯಾಗುವ ಇಟ್ಟಿಗೆ ಎಂದರೆ ಬೂದಿ ಹೊಂಡವನ್ನೇ ಮನೆಗೆ ತಂದಂತೆ.

ಇನ್ನೊಂದು ವಿಷಯ. ನೋಡಲು ಒಂದೇ ಥರ ಇರುವ ತ್ಯಾಜ್ಯಗಳೆಲ್ಲ ಒಂದೇ ಅಲ್ಲ. 2001ರಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿಯ ಪಕ್ಕ ದೊಡ್ಡ ದೊಡ್ಡ ದಿಬ್ಬಗಳಿವೆ. ಅದೂ ನುಣ್ಣನೆಯ ಪುಡಿಯೇ. ಆದರೆ ಅದು ಅರೆದ ಬಂಡೆ, ಬೆಂಕಿಯಲ್ಲಿ ಕರಗಿ ಗಾಜಾದದ್ದಲ್ಲ. ಸುಣ್ಣದ ಜೊತೆ ಬೂದಿಯಂತೆ ಕೂಡಿಕೊಳ್ಳುವುದಿಲ್ಲ. ಮೇಲಾಗಿ ಚಿನ್ನ ತೆಗೆಯಲು ಸೈನೈಡ್ ಬಳಸಿದ ಪುಡಿ ಅದು. ಬಳ್ಳಾರಿ ಭಾಗದ ಉಕ್ಕಿನ ಉದ್ಯಮದ ಕಿಟ್ಟದಲ್ಲೂ ಎರಡು ಬಗೆ. ಊದುಕುಲುಮೆಯಿಂದ ಬಂದ ಕಿಟ್ಟವನ್ನು ನೀರು ಚಿಮ್ಮಿಸಿ ತಣ್ಣಗೆ ಮಾಡಿ ಅರೆದರೆ ಒಳ್ಳೆಯ ಸಿಮೆಂಟ್ ಸಾಮಗ್ರಿ. ಸ್ಲ್ಯಾಗ್ ಸಿಮೆಂಟಿನಲ್ಲಿ ಅದು ಶೇ 70ರವರೆಗೂ ಇರಬಹುದು. ಕಬ್ಬಿಣವನ್ನು ಉಕ್ಕು ಮಾಡುವಾಗ ಬರುವ ಕಿಟ್ಟದಲ್ಲಿ ಮಾತ್ರ ಕೂಡಿಕೊಳ್ಳದ ಸುಣ್ಣ ಉಳಿದಿರುತ್ತದೆ. ಅದನ್ನು ಹದ ಮಾಡದೆ ಬಳಸಿದರೆ ನೀರು ತಾಗಿದಾಗ ಉಬ್ಬಿ ನೆಲವನ್ನೇ ಬಿರುಕು ಬಿಡಿಸುತ್ತದೆ.

ಗಟ್ಟಿಯಾದರೆ ಸಾಕೇ? ಅದೂ ಸಾಲದು ಎನ್ನುವುದಕ್ಕೆ ಸ್ವೀಡನ್ನಿನ ಉದಾಹರಣೆ ಇದೆ. 1929ರಿಂದ 1975ರವರೆಗೆ ಅಲ್ಲಿ ಆಲಂ ಶೇಲ್ ಎಂಬ ಪದರಗಲ್ಲಿನಿಂದ ಹಗುರವಾದ ಕಾಂಕ್ರೀಟ್ ಬ್ಲಾಕುಗಳನ್ನು ಮಾಡುತ್ತಿದ್ದರು. ಬಣ್ಣದಿಂದಾಗಿ ಅದಕ್ಕೆ ನೀಲಿ ಕಾಂಕ್ರೀಟ್ ಎಂದು ಹೆಸರು. ಗಟ್ಟಿ, ಹಗುರ, ಚಳಿ ತಡೆಯುವ ಗುಣ ಬೇರೆ. ಲಕ್ಷಾಂತರ ಮನೆಗಳು ಎದ್ದವು. ಆ ಕಲ್ಲಿನಲ್ಲಿ ಯುರೇನಿಯಂ ಇತ್ತು. ಅದರಿಂದ ಹುಟ್ಟುವ ರೇಡಾನ್ ಅನಿಲ ಗೋಡೆಯಿಂದ ಮನೆಯೊಳಗೆ ಸೇರುತ್ತದೆ, ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು ಎಂಬುದು ಅರಿವಾಗುವ ಹೊತ್ತಿಗೆ ಜನ ಆ ಮನೆಗಳಲ್ಲಿ ದಶಕಗಳನ್ನೇ ಕಳೆದಿದ್ದರು. ಆ ಬ್ಲಾಕುಗಳಲ್ಲಿ ಬಲದ ಕೊರತೆ ಇರಲಿಲ್ಲ. ಆಗ ಯಾರೂ ಅಳೆಯದ ಒಂದು ಗುಣದಲ್ಲಿ ಕೊರತೆ ಇತ್ತು.

ನಮ್ಮಲ್ಲೂ ಇದಕ್ಕೆ ಸಂಬಂಧ ಇದೆ. ಬೂದಿ ಇಟ್ಟಿಗೆಗೆ ಹಾಕುವ ಜಿಪ್ಸಂ ಎಷ್ಟೋ ಕಡೆ ರಸಗೊಬ್ಬರ ಕಾರ್ಖಾನೆಯ ತ್ಯಾಜ್ಯವಾದ ಫಾಸ್ಫೋಜಿಪ್ಸಂ. ಅದರಲ್ಲಿ ರೇಡಿಯಂ ಅಂಶ ಇರುವುದರಿಂದ, ಕಟ್ಟಡ ಸಾಮಗ್ರಿಗೆ ಬಳಸುವಾಗ ಗ್ರಾಂಗೆ 1 ಬೆಕೆರೆಲ್ ಎಂಬ ಮಿತಿಯನ್ನು ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇಟ್ಟಿದೆ. ಬೂದಿ ಎಲ್ಲಿಂದ ಬಂತು ಎಂದು ಕೇಳಿದ ಹಾಗೆ ಜಿಪ್ಸಂ ಎಲ್ಲಿಂದ ಬಂತು ಎಂದೂ ಕೇಳಬೇಕು.

ಐದು ದಿನದ ಇಟ್ಟಿಗೆ

ಪುಸ್ತಕದ ಈ ಮಾತುಗಳು ನನ್ನ ಮುಂದೆ ನಿಂತದ್ದು ಕಳೆದ ಮೇ ತಿಂಗಳಲ್ಲಿ. ಅಂಗನವಾಡಿ ಕಟ್ಟಡವೊಂದಕ್ಕೆ 15 ಸಾವಿರ ಇಟ್ಟಿಗೆ ಬೇಕೆಂದು ಒಬ್ಬ ಗುತ್ತಿಗೆದಾರರು ಬಂದರು. ಮಳೆಗಾಲದೊಳಗೆ ಗೋಡೆ ಮುಗಿಸಬೇಕಿತ್ತು. ನಮ್ಮಲ್ಲಿದ್ದದ್ದು ಅಚ್ಚಿನಿಂದ ಹೊರಬಂದು ಐದು ದಿನವಾದ ಇಟ್ಟಿಗೆ. ನೋಡಲು ಚೆಂದ, ಬೆರಳಿನಿಂದ ತಟ್ಟಿದರೆ ಗಟ್ಟಿ. ‘ಎಲ್ಲಾ ಗೋಡಿಗೆ ಗಿಲಾವ್ ಮಾಡ್ತೀವಿ ತಮ್ಮಾ, ಒಳಗ ಏನದ ಅಂತ ಯಾರ್ ನೋಡ್ತಾರ?’ ಎಂದರು.

ಬೂದಿಯ ಪ್ರತಿಕ್ರಿಯೆ ನಿಧಾನ. ಮೊದಲ ದಿನಗಳಲ್ಲಿ ಗಟ್ಟಿಯಾಗುವುದು ಸಿಮೆಂಟ್ ಮಾತ್ರ. ಅದು ಬಿಟ್ಟುಕೊಡುವ ಸುಣ್ಣವನ್ನು ಹಿಡಿದು ಬೂದಿ ತನ್ನ ಕೆಲಸ ಶುರು ಮಾಡುವುದಕ್ಕೆ ವಾರಗಳು ಬೇಕು, ಅಷ್ಟು ದಿನವೂ ಇಟ್ಟಿಗೆಯಲ್ಲಿ ತೇವ ಇರಬೇಕು. ರಾಯಚೂರಿನ ಮೇ ಬಿಸಿಲಿನಲ್ಲಿ ಬೆಳಿಗ್ಗೆ ಹೊಡೆದ ನೀರು ಚಹಾ ಕುಡಿದು ಬರುವಷ್ಟರಲ್ಲಿ ಆರಿರುತ್ತದೆ. ಆರಿದರೆ ಪ್ರತಿಕ್ರಿಯೆಯೂ ನಿಲ್ಲುತ್ತದೆ. ಅದಕ್ಕೇ ನಾವು ಒಟ್ಟಿದ ಇಟ್ಟಿಗೆಗೆ ಹಸಿ ಗೋಣಿಚೀಲ ಹೊದಿಸಿ, ಮೇಲೆ ತಾಡಪತ್ರಿ ಮುಚ್ಚುತ್ತೇವೆ. ಕಡಿಮೆ ನೀರಿನಲ್ಲಿ ತೇವ ಉಳಿಸುವ ಉಪಾಯ ಇದು.

ನಮ್ಮ ಮಾಲೀಕರಿಗೆ ಆ ಆರ್ಡರ್ ಬಹಳ ಬೇಕಿತ್ತು. ಬ್ಯಾಂಕಿನ ಕಂತು ತಲೆಯ ಮೇಲಿತ್ತು. ಆದರೂ ಅವರು ಬೈಯಲಿಲ್ಲ. ‘ಬಾಯಿಲೆ ಹೇಳಬ್ಯಾಡ, ಒಡದು ತೋರ್ಸು. ಆಮ್ಯಾಲ ಮಾತಾಡೂಣು’ ಎಂದರು. ಐದು ಇಟ್ಟಿಗೆಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಹೋದೆ. ನಾವು ಮಾರುವುದು 7.5 ದರ್ಜೆಯ ಇಟ್ಟಿಗೆ. ಅಂದರೆ ಒಂದು ಚದರ ಸೆಂಟಿಮೀಟರ್ ಜಾಗ ಸುಮಾರು 75 ಕೆ.ಜಿ. ಭಾರ ತಡೆಯಬೇಕು. ಯಂತ್ರದಲ್ಲಿಟ್ಟು ಒತ್ತಿದಾಗ ಐದರ ಸರಾಸರಿ 3.8 ಬಂತು. ಬೇಕಾದದ್ದರ ಅರ್ಧ.

ಮಾಲೀಕರು ಚೀಟಿ ನೋಡಿ, ಫೋನ್ ತೆಗೆದು, ಇನ್ನೂ ಮೂರು ವಾರ ಬೇಕು ಎಂದು ಗುತ್ತಿಗೆದಾರರಿಗೆ ಹೇಳಿದರು. ಅವರು ಬೇರೆ ಕಡೆ ಹೋದರು. ಆ ತಿಂಗಳ ನನ್ನ ಸಂಬಳ 12 ದಿನ ತಡವಾಗಿ ಬಂತು. ಅದೇ ಲಾಟಿನ ಇಟ್ಟಿಗೆಗಳನ್ನು 28ನೇ ದಿನ ಒಡೆದಾಗ ಸರಾಸರಿ 8.4 ಇತ್ತು. ಬೂದಿ, ಸಿಮೆಂಟ್, ಕೆಲಸಗಾರರು ಎಲ್ಲ ಅವೇ. ಹೆಚ್ಚಿಗೆ ಕೊಟ್ಟದ್ದು ನೀರು ಮತ್ತು 23 ದಿನ.

ಆ ಅಂಗನವಾಡಿ ಈಗ ಎದ್ದು ನಿಂತಿದೆ. ಗಿಲಾವ್ ಆಗಿ, ಬಣ್ಣ ಬಳಿದು, ಗೋಡೆಯ ಮೇಲೆ ಅ ಆ ಇ ಈ ಬರೆದಿದ್ದಾರೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನಾನು ಬೈಕ್ ನಿಧಾನ ಮಾಡಿ ಗೋಡೆಯ ಬುಡ ನೋಡುತ್ತೇನೆ. ನೀರು ಏರಿದ ಕಲೆ, ಉಪ್ಪು ಬಿಟ್ಟ ಬಿಳಿ ಗೆರೆ ಮೊದಲು ಕಾಣುವುದು ಅಲ್ಲೇ.

ಮಿಕ್ಸರ್ ಹತ್ತಿರದ ಅಕ್ಕ

ಸುರಕ್ಷತೆ ಎಂದರೆ ಮನೆಯಲ್ಲಿ ವಾಸಿಸುವವರದ್ದು ಮಾತ್ರ ಎಂದುಕೊಂಡರೆ ಅರ್ಧ ಲೆಕ್ಕ ಬಿಟ್ಟಂತೆ. ಬೂದಿ ಅತಿ ಹೆಚ್ಚು ಹಾರುವುದು ಮಿಕ್ಸರ್‌ಗೆ ಸುರಿಯುವಾಗ. ಕ್ರಷರ್‌ನ ಕಲ್ಲುಪುಡಿ ಅದಕ್ಕಿಂತ ಅಪಾಯ, ಅದರ ನುಣ್ಣನೆಯ ಸಿಲಿಕಾ ದೂಳು ವರ್ಷಗಟ್ಟಲೆ ಒಳಗೆ ಹೋದರೆ ವಾಸಿಯಾಗದ ಸಿಲಿಕೋಸಿಸ್ ಬರುತ್ತದೆ. ನಮ್ಮಲ್ಲಿ ಬುಟ್ಟಿ ಸುರಿಯುವ ಅಕ್ಕನಿಗೆ ಮಾಸ್ಕ್ ಕೊಟ್ಟರೆ, ‘ಸೆರಗು ಸುತ್ಕೊಂಡೀನಲ್ರಿ ಸರ್, ಅದನ್ನ ಹಾಕ್ಕೊಂಡ್ರ ಉಸುರು ಕಟ್ತದ’ ಎನ್ನುತ್ತಿದ್ದರು. 40 ಡಿಗ್ರಿ ಬಿಸಿಲಿನಲ್ಲಿ ಅದು ಸುಳ್ಳಲ್ಲ. ಸೆರಗಿನ ನೂಲಿನ ಸಂದಿಯಲ್ಲಿ ಆ ದೂಳು ಆರಾಮಾಗಿ ನುಸುಳುತ್ತದೆ ಎನ್ನುವುದೂ ಸುಳ್ಳಲ್ಲ.

ಮಾಸ್ಕ್ ಬಗ್ಗೆ ಭಾಷಣ ಮಾಡುವ ಬದಲು ದೂಳನ್ನೇ ಕಡಿಮೆ ಮಾಡುವುದು ಸುಲಭವಾಯಿತು. ಬೂದಿಯನ್ನು ತೇವ ಮಾಡಿಯೇ ತರಿಸುತ್ತೇವೆ, ಲಾರಿಗೆ ತಾಡಪತ್ರಿ ಕಡ್ಡಾಯ. ಮಿಕ್ಸರ್‌ಗೆ ಮೊದಲು ನೀರು, ಆಮೇಲೆ ಬೂದಿ. ಮಿಕ್ಸರ್ ಬಾಯಿಗೆ ತಗಡಿನ ಮುಚ್ಚಳ ಮಾಡಿಸಿದೆವು. ದೂಳು ಇಳಿದ ಮೇಲೆ ಸುರಿಯುವ ಹತ್ತು ನಿಮಿಷ ಮಾತ್ರ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಲು ಅಕ್ಕ ಒಪ್ಪಿದರು. ಈಗ ಮಾಸ್ಕ್ ಮುಗಿದರೆ ನನಗಿಂತ ಮೊದಲು ಅವರೇ ಕೇಳುತ್ತಾರೆ.

ನಮಗೆಲ್ಲಿ ಕೆಲಸ ಇದೆ?

ಕಾನೂನು ಈ ಉದ್ಯಮದ ಪರವಾಗಿದೆ. 1999ರಲ್ಲೇ ಕೇಂದ್ರ ಪರಿಸರ ಸಚಿವಾಲಯ, ವಿದ್ಯುತ್ ಕೇಂದ್ರದ 50 ಕಿ.ಮೀ. ಸುತ್ತಳತೆಯಲ್ಲಿ ಮಣ್ಣಿನ ಇಟ್ಟಿಗೆಗೆ ಕನಿಷ್ಠ ಶೇ 25 ಬೂದಿ ಬೆರೆಸಬೇಕೆಂದು ಅಧಿಸೂಚನೆ ಹೊರಡಿಸಿತ್ತು. 2021ರ ಡಿಸೆಂಬರ್ 31ರ ಅಧಿಸೂಚನೆ ಇನ್ನೂ ಬಿಗಿ: ಬೂದಿಯನ್ನು ಪೂರ್ತಿ ಬಳಕೆಗೆ ಕೊಡಬೇಕು, ಬಳಕೆಯಾಗದ ಬೂದಿಗೆ ಟನ್‌ಗೆ 1,000 ರೂಪಾಯಿ ಪರಿಸರ ಪರಿಹಾರ ಕಟ್ಟಬೇಕು. 300 ಕಿ.ಮೀ. ವ್ಯಾಪ್ತಿಯ ನಿರ್ಮಾಣ ಕಾಮಗಾರಿಗಳಲ್ಲಿ ಬೂದಿ ಉತ್ಪನ್ನ ಬಳಸಬೇಕು. ಆದರೆ ಈ ಲೆಕ್ಕ ಟನ್‌ಗಳದ್ದು. ಎಷ್ಟು ಟನ್ ಹೋಯಿತು ಎಂಬುದು ಕಾಗದದಲ್ಲಿ ಬರುತ್ತದೆ, ಅದು ಎಂಥ ಇಟ್ಟಿಗೆಯಾಗಿ ಹೋಯಿತು ಎಂದು ನೋಡುವವರು ಬೇಕು. ಆ ನೋಡುವ ಕೆಲಸ ನಮ್ಮದು.

ಡಿಪ್ಲೊಮಾ, ಐಟಿಐ, ಬಿ.ಎಸ್ಸಿ. ರಸಾಯನಶಾಸ್ತ್ರ ಓದಿದವರು ಇದನ್ನು ಗಮನಿಸಿ. ಸಿಮೆಂಟ್, ರೆಡಿಮಿಕ್ಸ್, ಬ್ಲಾಕ್ ಘಟಕಗಳಲ್ಲಿ, ಸಾಮಗ್ರಿ ಪರೀಕ್ಷಿಸುವ ಲ್ಯಾಬುಗಳಲ್ಲಿ ಬೇಕಾದದ್ದು ತೂಕ, ತೇವ, ಬಲ ಅಳೆಯಲು ಬರುವ, ಬಂದ ಅಂಕಿಯನ್ನು ಬದಲಿಸದೆ ಬರೆಯುವ ಜನ. ಸ್ವಂತ ಘಟಕದ ಆಸೆ ಇದ್ದರೆ ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ ಇದೆ. 2022ರಲ್ಲಿ ಅದರಡಿ ಉತ್ಪಾದನಾ ಘಟಕದ ಯೋಜನಾ ವೆಚ್ಚದ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಈಗಿನ ನಿಯಮಗಳನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ. ಒಂದು ಮಾತು: ಯೋಜನಾ ವರದಿಯಲ್ಲಿ ಯಂತ್ರದ ಬೆಲೆಯನ್ನು ಎಲ್ಲರೂ ಬರೆಯುತ್ತಾರೆ. ಮೂರು ವಾರ ಇಟ್ಟಿಗೆ ಮಾರದೆ ನೀರುಣಿಸುತ್ತ ಕಾಯಲು ಬೇಕಾದ ದುಡಿಯುವ ಬಂಡವಾಳವನ್ನು ಬರೆಯಲು ಮರೆಯಬೇಡಿ. ಅದಿಲ್ಲದ ಘಟಕವೇ ಐದು ದಿನದ ಇಟ್ಟಿಗೆ ಮಾರುತ್ತದೆ.

ಮನೆ ಕಟ್ಟಿಸುವ ಅಪ್ಪ–ಅಮ್ಮನ ಜೊತೆ ಇಟ್ಟಿಗೆ ಕೊಳ್ಳಲು ಹೋದಾಗ ನೀವು ಕೇಳಬೇಕಾದದ್ದು ನಾಲ್ಕೇ ಪ್ರಶ್ನೆ. ಬೂದಿ ಮತ್ತು ಜಿಪ್ಸಂ ಎಲ್ಲಿಯದು? ಎಷ್ಟು ದಿನ ನೀರುಣಿಸಿದ್ದೀರಿ? ಈ ಲಾಟಿನ ಬಲದ ವರದಿ ಎಲ್ಲಿ? ಲೋಹ ಮತ್ತು ವಿಕಿರಣದ ಪರೀಕ್ಷೆ ಯಾವಾಗ ಮಾಡಿಸಿದ್ದೀರಿ? ಇವುಗಳ ಜೊತೆ ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಯೂ ಒಂದಿದೆ. ಚೆನ್ನಾಗಿ ಒಣಗಿದ ಇಟ್ಟಿಗೆಯನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, 24 ಗಂಟೆ ಬಕೆಟ್ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಸಾಮಾನ್ಯ ದರ್ಜೆಯ ಬೂದಿ–ಸುಣ್ಣದ ಇಟ್ಟಿಗೆ ತನ್ನ ತೂಕದ ಶೇ 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು ಎಂಬುದು ಮಾನಕ. 3 ಕೆ.ಜಿ. ಇಟ್ಟಿಗೆ 3.6 ಕೆ.ಜಿ. ದಾಟಿದರೆ, ಅಥವಾ ಬಕೆಟ್ಟಿನ ತಳದಲ್ಲಿ ಬೂದಿ ಕೂತಿದ್ದರೆ, ಆ ಲೋಡು ಇಳಿಸಿಕೊಳ್ಳಬೇಡಿ. ವ್ಯಾಪಾರಿ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಒಳ್ಳೆಯ ಇಟ್ಟಿಗೆ ಮಾಡುವವರು ತಕ್ಕಡಿಯನ್ನು ತಾವೇ ತಂದುಕೊಡುತ್ತಾರೆ.